ಸಾವಿರದ ಇನ್ನೂರು ಲೀಟರ್

ಜಾಹೀರಾತು ಬರೆದವಳು ನಾನೇ.
ಅವನ ಕೈಲಿ ಆಗಲಿಲ್ಲ. ಟೇಪು ಹಿಡಿದು
ಉದ್ದ ಅಗಲ ಆಳ ಹೇಳುತ್ತ ಹೋದ, ನಾನು ಗೀಚಿಕೊಂಡೆ.
ದರ್ಜಿಯೆದುರು ನಿಂತ ಮಕ್ಕಳ ಹಾಗೆ
ಮೀನುಗಳು ಒಂದು ಗಳಿಗೆ ಅಲುಗಲಿಲ್ಲ.

ಎರಡೂವರೆ ಮೀಟರಿನ ಗಾಜು, ಹೇಳಿ ಮಾಡಿಸಿದ್ದು,
ಓಸ್ತ್ರಾವದ ಈ ಮನೆಯ ಗೋಡೆಯೊಳಗೇ ಕೂರಿಸಿದ್ದು.
ಪಂಪು ಮೂರು, ದೀಪ ನಾಲ್ಕು, ಹವಳ ಹತ್ತಿದ ಕಲ್ಲು ಎಂಬತ್ತು ಕಿಲೋ.
ಮಾರುವ ಕಾರಣ: ಚಿಕ್ಕ ಮನೆಗೆ ಹೋಗುತ್ತಿದ್ದೇವೆ.
ಮಂಡಿನೋವು, ಮೆಟ್ಟಿಲು, ಇವಕ್ಕೆಲ್ಲ ಜಾಗವಿರಲಿಲ್ಲ.
ಉಪ್ಪು ತಿಂದವರು ನೀರು ಕುಡಿಯಲೇಬೇಕು;
ನಾವು ಕರೆಂಟು ಬಿಲ್ಲು ಕಟ್ಟಿದೆವು.

ಹೊಸ ಮನೆಗೆ ಲಿಫ್ಟಿದೆ. ಎರಡೇ ಕೋಣೆ.
ಈ ನೆಲ ಅಷ್ಟು ಭಾರ ತಡೆಯದು ಎಂದ ಎಂಜಿನಿಯರು,
ಬೂಟಿನ ಹಿಮ್ಮಡಿಯಿಂದ ಎರಡು ಸಲ ಕುಟ್ಟಿ,
ಕಲ್ಲಂಗಡಿ ತಟ್ಟಿ ನೋಡುವವರ ಹಾಗೆ.

ನಮ್ಮ ದೇಶಕ್ಕೆ ಕಡಲಿಲ್ಲ.
ಬೊಹುಮೀರ್ ಇಪ್ಪತ್ತಾರು ವರ್ಷ ಕಲ್ಲಿದ್ದಲ ಗಣಿಯಿಂದ
ನೀರು ಹೊರಹಾಕುವ ಕೆಲಸದಲ್ಲಿದ್ದ.
ಅಷ್ಟು ಆಳದ ನೀರೂ ಉಪ್ಪೇ ಅನ್ನುತ್ತಿದ್ದ,
ಯಾವುದೋ ಹಳೆಯ ಕಡಲು ಅಲ್ಲಿ
ಬಂಡೆಯ ಸಂದಿಯಲ್ಲಿ ಅಡಗಿ ಬೆವರುತ್ತದೆ.
ಗಣಿ ಮುಚ್ಚಿತು. ಮಾರನೇ ವರ್ಷ
ಅದೇ ಮನುಷ್ಯ ಮನೆಯೊಳಗೆ ನೀರು ತುಂಬತೊಡಗಿದ.
ಪರಿಹಾರದ ಹಣ ಅಷ್ಟೂ ಗಾಜಾಯಿತು.
ಮೂರು ತಿಂಗಳು ನಾನು ಮಾತಾಡಲಿಲ್ಲ.
ಆಮೇಲೊಂದು ಶನಿವಾರ ಅವನಿಗೆ ಜ್ವರ;
ಬಕೆಟ್ಟಿನಲ್ಲಿ ಉಪ್ಪು ಕರಗಿಸಿದವಳು ನಾನು.
ಲೀಟರಿಗೆ ಮೂವತ್ತೈದು ಗ್ರಾಂ.
ಆಮೇಲೆ ಎಷ್ಟು ಶನಿವಾರ.
ಸೂಪಿಗೆ ಉಪ್ಪು ಮರೆತದ್ದುಂಟು, ಇದಕ್ಕೆ ಮರೆತಿಲ್ಲ.

ಬಂದರು, ನೋಡಿದರು.
ಹಲ್ಲಿನ ಡಾಕ್ಟರಿಗೆ ತೊಟ್ಟಿ ಸಾಕು, ಮೀನು ಬೇಡ,
ಕ್ಲಿನಿಕ್ಕಿನಲ್ಲಿ ಪ್ಲಾಸ್ಟಿಕ್ಕಿನವು ಬಿಡುತ್ತಾರಂತೆ.
ಓಪವದವನೊಬ್ಬ ಉಗುರಿನಿಂದ ಗೀರು ಹುಡುಕಿ
ಸಿಕ್ಕಿದ್ದಕ್ಕೆ ಸಂತೋಷಪಟ್ಟು ಅರ್ಧ ಬೆಲೆ ಕೇಳಿದ.
ತಾತನ ಜೊತೆ ಬಂದ ಹುಡುಗಿ, ಯಿತ್ಕಾ, ಬೆಲೆಯೇ ಕೇಳಲಿಲ್ಲ.
ಹಳದಿಯದು ಎಷ್ಟು ಹೊತ್ತಿಗೆ ಮಲಗುತ್ತೆ?
ಅದಕ್ಕೆ ಯಾರನ್ನ ಕಂಡರೆ ಆಗಲ್ಲ?
ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಬೊಹುಮೀರ್
ಅವತ್ತು ಮೊದಲ ಸಲ ಬಾಯಿ ಬಿಟ್ಟ,
ಬಿಟ್ಟವನು ಸಂಜೆಯವರೆಗೆ ಮುಚ್ಚಲಿಲ್ಲ.
ಗಾಜು ಡಾಕ್ಟರಿಗೆ. ಮೀನು ಕಲ್ಲು ಎಲ್ಲ ಹುಡುಗಿಗೆ,
ಪುಕ್ಕಟೆ. ನಾನು ಸುಮ್ಮನಿದ್ದೆ.

ಒಂದು ಮಾತು ಹೇಳಬೇಕು.
ನಾಲ್ಕು ಚಳಿಗಾಲದಿಂದ, ದೀಪ ಆರಿದ ಮೇಲೆ,
ಆ ತೊಟ್ಟಿಯಿಂದ ಟಕ್ ಎಂದು ಒಂದು ಸದ್ದು.
ಗಾಜು ಬಿರಿಯುತ್ತಿದೆ ಎಂದೇ ನನ್ನ ನಂಬಿಕೆ.
ಎಷ್ಟು ರಾತ್ರಿ ಬರಿಗಾಲಲ್ಲಿ ಎದ್ದು ಹೋಗಿ
ಕತ್ತಲಲ್ಲಿ ಮೂಲೆಮೂಲೆಗೆ ಅಂಗೈ ಹಚ್ಚಿದ್ದೇನೆ.
ಒಣಗಿರುತ್ತಿತ್ತು. ಮಲಗಿದರೆ ಮತ್ತೆ ಟಕ್.

ಪೈಪು ಬಚ್ಚಲಿಗೆ ಬಿಟ್ಟು ನೀರು ಖಾಲಿ ಮಾಡಿದ.
ಗೊತ್ತಿದ್ದ ಕೆಲಸ, ಕೈ ನಡುಗಲಿಲ್ಲ.
ಮೀನು ಹೋದವು. ಕಡೆಯ ಕಲ್ಲು ಎತ್ತಿದರೆ
ಬೆರಳುದ್ದದ ಸಿಗಡಿ,
ಒಂದು ಕೈ ಇನ್ನೊಂದರ ಎರಡರಷ್ಟು ದಪ್ಪ.
ಯಾವ ಕಲ್ಲಿನ ಜೊತೆ ಬಂದಿತ್ತೋ,
ಕೊಂಡದ್ದಲ್ಲ, ಪಟ್ಟಿಯಲ್ಲೂ ಇಲ್ಲ.
ನಮ್ಮನ್ನು ನೋಡಿತು. ಟಕ್ ಎಂದಿತು.
"ಇವಳೇ ನೋಡು ನಿನ್ನ ಬಿರುಕು," ಎಂದ ಬೊಹುಮೀರ್.
ನನಗೆ ನಗು ತಡೆಯಲಾಗಲಿಲ್ಲ,
ಒದ್ದೆ ನೆಲದ ಮೇಲೆ ಕೂತುಬಿಟ್ಟೆ.
ಸೌತೆಕಾಯಿಯ ಹಳೇ ಜಾಡಿಯಲ್ಲಿ ಹಾಕಿ
ಟ್ರಾಮಿನಲ್ಲಿ ಯಿತ್ಕಾಳ ಮನೆಗೆ ನಾನೇ ಒಯ್ದೆ,
ಮುಚ್ಚಳ ಸಡಿಲಬಿಟ್ಟು, ಎದೆಗೆ ಒತ್ತಿಕೊಂಡು.

ಗೋಡೆ ಒಡೆದು ಗಾಜು ಸಾಗಿಸಿದರು.

ಹೊಸ ಮನೆಯಲ್ಲಿ ಹೀಟರು ಆರುವಾಗ ಟಕ್ ಅನ್ನುತ್ತದೆ.
ಕಣ್ಣು ತೆರೆಯದೆಯೇ ಬೊಹುಮೀರ್ ಕೇಳುತ್ತಾನೆ, ಏನದು?
ನಾನು ಕೈ ಚಾಚಿ ಗೋಡೆ ಮುಟ್ಟಿ ನೋಡುತ್ತೇನೆ.
ಒಣಗಿದೆ, ಅನ್ನುತ್ತೇನೆ. ಮಲಗು.